ಮರಿಫ್ಲೋರ್ ಸರ್ವೆ ಪಾಠಕ್ಕೆ ಸೇರಿದ್ದು

ಮರಿಫ್ಲೋರ್ ನೊಬ್ಲೇಸಾ ಕಾಲೇಜು ಸೇರಿದ ಕಾಲದಲ್ಲಿ ಇಲೋಯ್ಲೋ ಸೀಮೆಗೆಲ್ಲ ನರ್ಸಿಂಗ್ ಹುಚ್ಚು ಹಿಡಿದಿತ್ತು. ಬೆಳಗಿನ ಜೀಪ್ನಿ ಗಾಡಿ ಹತ್ತಿದರೆ ಎದುರಿನ ಬೆಂಚಿನ ತುಂಬ ಬಿಳಿ ಸಮವಸ್ತ್ರ, ಈ ಬೆಂಚಿನ ತುಂಬವೂ ಬಿಳಿ ಸಮವಸ್ತ್ರ. ಮೀನು ಮಾರುವವಳ ಮಗಳು, ಮೇಷ್ಟರ ಮಗ, ಮೇಯರ್ ತಂಗಿ, ಎಲ್ಲರೂ ನರ್ಸಿಂಗ್. ಲಂಡನ್ನಿನಲ್ಲಿ ಆಸ್ಪತ್ರೆಗಳಿದ್ದವು, ರಿಯಾದಿನಲ್ಲಿದ್ದವು, ಅಮೆರಿಕದಲ್ಲಂತೂ ಲೆಕ್ಕವೇ ಇಲ್ಲ ಎನ್ನುತ್ತಿದ್ದರು. ಆ ಆಸ್ಪತ್ರೆಗಳೆಲ್ಲ ತಮ್ಮ ಮಕ್ಕಳಿಗಾಗಿಯೇ ಬಾಗಿಲು ತೆರೆದು ಕಾಯುತ್ತಿವೆ ಎಂದು ಮಿಯಾಗಾವ್ ಪಟ್ಟಣದ ಪ್ರತಿ ತಾಯಿಯೂ ನಂಬಿದ್ದಳು.

ಮರಿಫ್ಲೋರಳ ತಾಯಿ ಪುರಿಂಗ್, ಅಮ್ಮ ಎಂಬಂತೆ ಎಲ್ಲರ ಬಾಯಲ್ಲೂ ನಾನಾಯ್ ಪುರಿಂಗ್, ಅಂಥವರಲ್ಲಿ ಮೊದಲನೆಯವಳು. ಮನೆಯ ಕೆಳಗಿನ ಜಗಲಿಯಲ್ಲಿ ಮಗ್ಗ ಹಾಕಿಕೊಂಡು ಹಬ್ಲೋನ್ ಬಟ್ಟೆ ನೇಯುತ್ತಿದ್ದಳು. ಲಾಳಿಗಿಂತ ಅವಳ ನಾಲಿಗೆ ಜೋರು. ಗಂಡ ಸರಕು ಹಡಗಿನಲ್ಲಿ ಅಡುಗೆಯವ, ವರ್ಷದಲ್ಲಿ ಬಹುಪಾಲು ಸಮುದ್ರದ ಮೇಲೆಯೇ ಇರುವವನು. ಮನೆಯ ತೀರ್ಮಾನಗಳೆಲ್ಲ ಇವಳವೇ. ಮಗಳನ್ನು ಓದಿಸುತ್ತಿದ್ದವಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸಾಗಿದ್ದ ಇವಳ ತಂಗಿ, ಮರಿಫ್ಲೋರ್ ತೀಯಾ ಎಂದು ಕರೆಯುವ ಚಿಕ್ಕಮ್ಮ ಲೂಸಿಂಗ್. ಮರಿಫ್ಲೋರ್ ತಲೆಗೆ ಬಿಳಿ ಟೋಪಿ ತೊಡಿಸಿದ ಸಮಾರಂಭದ ಫೋಟೋಕ್ಕೆ ನಾನಾಯ್ ಪುರಿಂಗ್ ಚೌಕಟ್ಟು ಹಾಕಿಸಿದ್ದಳು. ಬಟ್ಟೆ ಕೊಳ್ಳಲು ಬಂದವರು ಅದನ್ನು ನೋಡದೆ ಹೊರಟರೆ, "ಒಂದು ಲೋಟ ನೀರು ಕುಡ್ಕೊಂಡು ಹೋಗಿ," ಎಂದು ಒಳಗೆ ಕರೆದು ತೋರಿಸಿಯೇ ಕಳಿಸುತ್ತಿದ್ದಳು.

ಹುಡುಗಿಯೇನೂ ಓದಿನಲ್ಲಿ ಹಿಂದಿರಲಿಲ್ಲ. ರಕ್ತ ಕಂಡರೆ ತಲೆ ತಿರುಗುವ ಜಾತಿಯೂ ಅಲ್ಲ. ತರಗತಿಯಲ್ಲಿ ಉಳಿದವರು ನರ ಹುಡುಕಲು ತಡಕಾಡುತ್ತಿದ್ದಾಗ ಇವಳು ಒಂದೇ ಸಲಕ್ಕೆ ಸೂಜಿ ಹಾಕಿಬಿಡುತ್ತಿದ್ದಳು. ಹಾಗಾಗಿಯೇ ಮುಂದೆ ನಡೆದದ್ದು ಯಾರಿಗೂ ಬೇಗ ಅರ್ಥವಾಗಲಿಲ್ಲ.

ಎರಡನೇ ವರ್ಷದ ಕೊನೆಗೆ ಅವಳನ್ನು ಬೆಟ್ಟದ ಮೇಲಿನ ಒಂದು ಹಳ್ಳಿಗೆ ಸಮುದಾಯ ಆರೋಗ್ಯದ ಕೆಲಸಕ್ಕೆ ಹಾಕಿದರು. ಜೀಪ್ನಿ ನಿಂತ ಜಾಗದಿಂದ ಇನ್ನೂ ಬಹಳ ಹತ್ತಬೇಕು. ಪ್ರಾರ್ಥನಾ ಮಂದಿರದ ಮುಂದೆ ಹೆಂಗಸರನ್ನು ಕೂರಿಸಿಕೊಂಡು, ಬಣ್ಣದ ಚಿತ್ರಪಟ ಹಿಡಿದು, ಕೈ ತೊಳೆಯುವುದು ಹೇಗೆ ಎಂದು ಅವಳು ಚೆನ್ನಾಗಿಯೇ ಹೇಳಿಕೊಟ್ಟಳು. ಬೆರಳ ಸಂದು, ಉಗುರಿನ ಕೆಳಗೆ, ಮಣಿಕಟ್ಟು. ಎಲ್ಲ ಮುಗಿದ ಮೇಲೆ ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡಿದ್ದ ಮನಾಂಗ್ ಇಸ್ಯಾ, ಅಂದರೆ ಇಸ್ಯಾ ಅಕ್ಕ, ಎಂಬ ಹೆಂಗಸು ಎದ್ದು ನಿಂತಳು.

"ಚೆನ್ನಾಗಿ ಹೇಳ್ದೆ ಇಂದಾಯ್. ಯಾವ ನೀರಲ್ಲಿ ತೊಳ್ಕೊಳೋದು?"

ಹೆಂಗಸರೆಲ್ಲ ನಕ್ಕರು. ಕೆಟ್ಟ ನಗುವೇನಲ್ಲ. ಅಲ್ಲಿ ಹುಡುಗಿಯರನ್ನು ಪ್ರೀತಿಯಿಂದ ಇಂದಾಯ್ ಎಂದೇ ಕರೆಯುವುದು. ಆದರೂ ಮರಿಫ್ಲೋರಳ ಕಿವಿ ಬಿಸಿಯಾಯಿತು.

ಇಸ್ಯಾ ಅವಳನ್ನು ಕರೆದುಕೊಂಡು ಹೋಗಿ ನೀರಿನ ಜಾಗ ತೋರಿಸಿದಳು. ಇಳಿಜಾರಿನ ತಳದಲ್ಲಿ ಒಂದು ಒರತೆ. ಒಂದು ಬದಿಯಲ್ಲಿ ಹೆಂಗಸರು ಕೊಡ ತುಂಬುತ್ತಿದ್ದರು, ಇನ್ನೊಂದು ಬದಿಯಲ್ಲಿ ಎಮ್ಮೆ ಮಲಗಿತ್ತು. ತಲೆ ಎತ್ತಿ ನೋಡಿದರೆ, ಹಳ್ಳಿಗಿಂತಲೂ ಮೇಲೆ, ಬಂಡೆಯ ಬಿರುಕಿನಿಂದ ಕನ್ನಡಿಯಂಥ ನೀರು ಸುರಿದು ಯಾರಿಗೂ ಸಿಗದ ಕಂದಕಕ್ಕೆ ಬೀಳುತ್ತಿತ್ತು.

"ಅದನ್ನ ಯಾಕೆ ತರಲ್ಲ?"

"ತರೋರು ಯಾರು? ಹಿಂದೊಂದ್ಸಲ ಇಂಜಿನಿಯರ್ ಬಂದಿದ್ದ. ನೋಡ್ದ, ಕೋಳಿ ಸಾರು ಉಂಡ, ಹೋದ. ನನ್ನ ಕೋಳಿ ಅದು!"

ಇಸ್ಯಾಳ ಸೊಂಟದ ಮೇಲಿದ್ದ ಆ ಕೂಸಿನ ಹೆಸರು ನೆನೆ. ಭೇದಿ ಹತ್ತಿ ಅದನ್ನು ತಾಲೂಕು ಆಸ್ಪತ್ರೆಗೆ ತಂದಾಗ ಅಲ್ಲಿ ಕಲಿಯಲು ಬಂದಿದ್ದ ಮರಿಫ್ಲೋರಳೇ ಅದರ ಕೈಗೆ ಡ್ರಿಪ್ ಹಾಕಿದಳು. ಅಷ್ಟು ಸಣ್ಣ ಕೈಯಲ್ಲಿ ನರ ಸಿಕ್ಕಿದ್ದಕ್ಕೆ ಹಿರಿಯ ನರ್ಸ್ ಬೆನ್ನು ತಟ್ಟಿದಳು. ಮರಿಫ್ಲೋರ್ ಆ ದಿನವೆಲ್ಲ ಹಿಗ್ಗಿನಲ್ಲಿದ್ದಳು. ನೆನೆ ಚೇತರಿಸಿಕೊಂಡು ಬೆಟ್ಟಕ್ಕೆ ಹೋಯಿತು. ಅದೇ ಒರತೆಯ ನೀರು ಕುಡಿಯಿತು. ಮತ್ತೆ ಬಂತು. ಮರಿಫ್ಲೋರ್ ಮತ್ತೆ ಸೂಜಿ ಹಾಕಿದಳು, ಈ ಸಲವೂ ಒಂದೇ ಏಟಿಗೆ. ಆದರೆ ಈ ಸಲ ಬೆನ್ನು ತಟ್ಟಿದ ಕೈ ಅವಳಿಗೆ ಭಾರವೆನಿಸಿತು. ಕೂಸು ಬದುಕಿತು ಎಂಬ ಸಮಾಧಾನದ ಹಿಂದೆಯೇ, ಇದು ಇನ್ನೊಂದು ಸಲ ಇಲ್ಲಿಗೆ ಬರುತ್ತದೆ ಎಂಬ ಕೋಪವೂ ಬಂದು ಕೂತಿತು.

ಇಂಜಿನಿಯರಿಂಗ್ ವಿಭಾಗ ಇದ್ದದ್ದು ಕಾಲೇಜಿನ ಇನ್ನೊಂದು ಮೂಲೆಯಲ್ಲಿ. ಬಿಳಿ ಸಮವಸ್ತ್ರದಲ್ಲೇ ಅವಳು ಆ ಕಟ್ಟಡದ ಮೆಟ್ಟಿಲು ಹತ್ತಿದಾಗ ಕಟ್ಟೆಯ ಮೇಲಿದ್ದ ಹುಡುಗರು ಮಾತು ನಿಲ್ಲಿಸಿದರು. "ಯಾರಿಗೋ ಪೆಟ್ಟಾಗಿದೆ ಕಣ್ರೋ," ಎಂದ ಒಬ್ಬ. "ನಂಗೇ ಆಗಿದ್ದು, ಎದೆಗೆ," ಎಂದ ಇನ್ನೊಬ್ಬ. ಅವಳು ತಿರುಗಿ ನೋಡಲಿಲ್ಲ.

ವಿಷಯ ಬದಲಿಸುವವರ ಅರ್ಜಿ ನೋಡುತ್ತಿದ್ದವರು ಅಲ್ಲಿನ ಹಿರಿಯ ಮೇಷ್ಟರು ಇಂಜಿನಿಯರ್ ಗುಂಬಾನ್. ನರೆತ ತಲೆ, ದೊಡ್ಡ ಹೊಟ್ಟೆ, ಮೇಜಿನ ಮೇಲೆ ಯಾವಾಗಲೂ ಬೇಯಿಸಿದ ಕಡಲೇಕಾಯಿ.

"ನರ್ಸಿಂಗ್ ಕಟ್ಟಡ ಆ ಕಡೆ, ಮಗಳೇ. ದಾರಿ ತಪ್ಪಿದ್ಯಾ?"

"ಇಲ್ಲ ಸರ್. ಇಲ್ಲಿಗೇ ಬಂದೆ. ಸಿವಿಲ್ ಇಂಜಿನಿಯರಿಂಗ್‌ಗೆ ಬದಲಾಯಿಸ್ಕೋಬೇಕು ಅಂತಿದೀನಿ."

ಗುಂಬಾನ್ ಕಡಲೇಕಾಯಿ ಕೆಳಗಿಟ್ಟರು. "ಪ್ರತಿ ವರ್ಷ ನನ್ನ ಹುಡುಗ್ರು ಕಣ್ಣೀರು ಹಾಕ್ಕೊಂಡು ಇಲ್ಲಿಂದ ನರ್ಸಿಂಗ್‌ಗೆ ಓಡಿಹೋಗ್ತಾರೆ. ಅಲ್ಲಿಂದ ಇಲ್ಲಿಗೆ ಬಂದವಳು ನೀನೇ ಮೊದಲು. ಅಲ್ಲಿ ಫೇಲಾದ್ಯಾ?"

"ಇಲ್ಲ ಸರ್."

"ಪ್ರೀತಿ ಗೀತಿ? ಇಲ್ಲಿರೋ ಹುಡುಗ್ರಲ್ಲಿ ಯಾರಾದ್ರೂ?"

"ಅವರನ್ನ ನೋಡ್ಕೊಂಡೇ ಬಂದೆ ಸರ್. ಆ ಭಯ ಬೇಡ."

ಗುಂಬಾನ್ ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ಗಂಭೀರವಾದರು. ಪೂರ್ತಿ ಬದಲಾಯಿಸುವುದು ಈಗಲೇ ಬೇಡ ಎಂದರು. ಒಂದು ಸೆಮಿಸ್ಟರ್ ನರ್ಸಿಂಗ್‌ನಿಂದ ಬಿಡುವು ತೆಗೆದುಕೊಂಡು ಇಂಜಿನಿಯರಿಂಗ್‌ನ ಮೊದಲ ಪಾಠಗಳಲ್ಲಿ ಎರಡನ್ನು ಓದಿ ನೋಡಲಿ, ಒಗ್ಗಿದರೆ ಇರಲಿ, ಇಲ್ಲದಿದ್ದರೆ ಟೋಪಿ ಹಾಕಿಕೊಂಡು ವಾಪಸ್ಸು ಹೋಗಲಿ. ಪರಿಚಯದ ಪಾಠ ಒಂದಿದೆ, ಡ್ರಾಯಿಂಗ್ ಇದೆ, ಕಂಪ್ಯೂಟರ್ ಇದೆ, ತ್ರಿಕೋನಮಿತಿ ಇದೆ, ಸರ್ವೆ ಇದೆ. ಯಾವ ಎರಡು?

ಅವಳಿಗೆ ಉತ್ತರ ಸಿದ್ಧವಾಗಿತ್ತು. ಹಾಸ್ಟೆಲಿನ ಗೆಳತಿಯರು ಆಗಲೇ ಹೇಳಿಕೊಟ್ಟಿದ್ದರು: ಸುಲಭದ್ದನ್ನು ಆರಿಸಿಕೋ, ಒಳ್ಳೆಯ ಅಂಕ ಬಂದರೆ ನಿನ್ನ ಅಮ್ಮನಿಗೆ ತೋರಿಸಬಹುದು.

"ಪರಿಚಯದ ಪಾಠ, ಡ್ರಾಯಿಂಗ್."

"ಎರಡರಲ್ಲೂ ಪಾಸಾಗ್ತೀಯ," ಎಂದರು ಗುಂಬಾನ್. "ನಿನ್ನ ಅಕ್ಷರ ನೋಡಿದ್ರೇನೇ ಗೊತ್ತಾಗುತ್ತೆ, ಡ್ರಾಯಿಂಗ್ ನಿಂಗೆ ಆಟ. ಆದ್ರೆ ಪಾಸಾದ ಮೇಲೆ ನಿಂಗೇನು ಗೊತ್ತಾದ ಹಾಗಾಯ್ತು?"

ಅವರು ಇನ್ನೊಂದು ಕಡಲೇಕಾಯಿ ಸುಲಿದು ಮುಂದುವರಿಸಿದರು.

"ನನ್ನನ್ನ ಕೇಳಿದ್ರೆ, ಈ ಕೆಲಸ ಅಂದ್ರೆ ಏನು ಅಂತ ಕಣ್ಣಿಗೆ ಕಾಣೋ ಹಾಗೆ ಒಂದು ಪಾಠ ತಗೋ. ಅದು ನಿನ್ನಿಂದ ಆಗುತ್ತಾ ಅಂತ ಗೊತ್ತಾಗೋ ಹಾಗೆ ಇನ್ನೊಂದು. ನೋಡೋಣ, ನಾಳೆ ಬಾ."

ಆ ಸಂಜೆ ಅವಳು ಮಾರುಕಟ್ಟೆಯ ಹತ್ತಿರ ಬಾಚೊಯ್ ಎಂಬ ಬಿಸಿ ಶಾವಿಗೆ ಸಾರಿನ ಬಟ್ಟಲಿನ ಮುಂದೆ ಕೂತು, ಸಾರು ಆರುವವರೆಗೂ ಮುಟ್ಟಲಿಲ್ಲ. ಹೈಸ್ಕೂಲಿನಲ್ಲಿ ಅವಳು ಗಣಿತದಲ್ಲಿ ಸಾಧಾರಣ. ತ್ರಿಕೋನಮಿತಿ ಎಂಬ ಹೆಸರು ಕೇಳಿದರೆ ಈಗಲೂ ಭಯ. ಹಾಗಾದರೆ ಅದೇ ಸರಿ ಎಂದು ಅವಳಿಗೆ ತೋರಿತು. ಡ್ರಾಯಿಂಗ್ ತೆಗೆದುಕೊಂಡರೆ ತನಗೆ ತಾನೇ ಮೋಸ ಮಾಡಿಕೊಂಡಂತೆ. ಬೆಳಗಾಗುತ್ತಲೇ ಹೋಗಿ, ಕೂರುವ ಮೊದಲೇ ಹೇಳಿದಳು: "ತ್ರಿಕೋನಮಿತಿ. ಸರ್ವೆ."

"ಸರ್ವೆ ನಾನೇ ತಗೋಳೋದು," ಎಂದರು ಗುಂಬಾನ್. "ಬಿಸಿಲಿಗೆ ಟೋಪಿ ತಾ. ಆ ಬಿಳಿ ಟೋಪಿ ಅಲ್ಲ."

ಮನೆಯಲ್ಲಿ ಹೇಳಿದ ದಿನ ಮಗ್ಗ ನಿಂತುಹೋಯಿತು. ಜ್ವರ ಬಂದರೂ ನಾನಾಯ್ ಪುರಿಂಗ್ ಮಗ್ಗ ನಿಲ್ಲಿಸಿದವಳಲ್ಲ.

"ಬಿಡುವಾ? ಎಂಥ ಬಿಡುವು? ನಿನ್ನ ಜೊತೆಯವ್ರು ಮುಂದೆ ಹೋಗ್ತಾರೆ, ನೀನು ಗಂಡು ಹುಡುಗ್ರ ಜೊತೆ ಗದ್ದೆ ಅಳೀತಾ ಇರ್ತೀಯ. ನಾನು ಊರಿಗೆಲ್ಲ ಏನು ಹೇಳ್ಲಿ?"

"ಊರಿಗೆ ಏನೂ ಹೇಳ್ಬೇಡ ನಾನಾಯ್. ಒಂದೇ ಸೆಮಿಸ್ಟರ್."

"ಅಷ್ಟರೊಳಗೆ ಊರೇ ನಂಗೆ ಹೇಳುತ್ತೆ! ಪುರಿಂಗ್ ಮಗಳು ಪೈಪು ಜೋಡಿಸೋಕೆ ಹೋದಳಂತೆ ಅಂತ." ಅವಳು ಕಣ್ಣೊರೆಸಿಕೊಂಡು ತಂಗಿಗೆ ಫೋನ್ ಹಚ್ಚಿದಳು. "ತಗೋ, ನಿನ್ನ ತೀಯಾಗೆ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ."

ತೀಯಾ ಲೂಸಿಂಗ್ ಕೂಗಾಡುವವಳಲ್ಲ. ಅದೇ ಹೆಚ್ಚು ಭಯ. ಲೀಡ್ಸ್‌ನಲ್ಲಿ ಆಗ ಬೆಳಗು, ಅವಳು ಕೆಲಸಕ್ಕೆ ಹೊರಟಿದ್ದಳು.

"ರಕ್ತಕ್ಕೆ ಹೆದರಿದ್ಯಾ?"

"ಇಲ್ಲ ತೀಯಾ."

"ಯಾರಾದ್ರೂ ಬೈದ್ರಾ?"

"ಇಲ್ಲ."

"ಮತ್ತೆ?"

ಮರಿಫ್ಲೋರ್ ನೆನೆಯ ಕತೆ ಹೇಳಿದಳು. ಸೂಜಿ, ಒರತೆ, ಮೇಲಿನ ಬಂಡೆಯ ನೀರು. ಹೇಳುತ್ತ ಹೇಳುತ್ತ ಅವಳಿಗೇ ತಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸ್ಪಷ್ಟವಾಯಿತು.

"ನನ್ನ ವಾರ್ಡಲ್ಲೂ ಇದ್ದಾರೆ, ಮತ್ತೆ ಮತ್ತೆ ಬರೋರು," ಎಂದಳು ತೀಯಾ. "ಅವರ ಮನೆ ಗೋಡೆ ಬೂಷ್ಟು ಹಿಡಿದಿರುತ್ತೆ, ಎದೆ ಕಟ್ಕೊಂಡು ಬರ್ತಾರೆ. ನಾನು ಉಸಿರು ಸರಿಮಾಡಿ ಅದೇ ಮನೆಗೆ ಕಳಿಸ್ತೀನಿ. ಸರಿ, ಓದು. ಆದ್ರೆ ಕೇಳು, ಎರಡರಲ್ಲಿ ಒಂದರಲ್ಲಿ ಬಿದ್ರೂ ವಾಪಸ್ ನರ್ಸಿಂಗ್. ಆಮೇಲೆ ಈ ಮಾತು ನನ್ನ ಕಿವೀಗೆ ಬೀಳಬಾರ್ದು. ಒಪ್ಪಿಗೆನಾ?"

"ಒಪ್ಪಿಗೆ."

"ನಿಮ್ಮಮ್ಮಂಗೆ ಫೋನ್ ಕೊಡು. ಅಳ್ತಾ ಇದ್ದಾಳಾ?"

"ಹೂಂ."

"ಜೋರಾಗಾ ಮೆಲ್ಲಗಾ?"

"ಜೋರಾಗಿ."

"ಹಾಗಾದ್ರೆ ಸರಿಹೋಗ್ತಾಳೆ."

ಸೆಮಿಸ್ಟರಿನ ಮೊದಲರ್ಧ ಅವಳಿಗೆ ಸಾಕುಸಾಕಾಯಿತು. ತ್ರಿಕೋನಮಿತಿಯ ಮೇಷ್ಟರು ಹಲಗೆಗೆ ಮುಖ ಮಾಡಿ ಪಾಠ ಹೇಳುವವರು, ಬರೆದದ್ದನ್ನು ತಮ್ಮ ಬೆನ್ನಿನಿಂದಲೇ ಮರೆಮಾಡುವವರು. ಪಕ್ಕದಲ್ಲಿದ್ದವರೆಲ್ಲ ಅವಳಿಗಿಂತ ಕಿರಿಯರು, ಹೈಸ್ಕೂಲಿನ ಗಣಿತ ಇನ್ನೂ ಆರದವರು. ಅವಳೋ ಎರಡು ವರ್ಷ ಮೂಳೆಗಳ ಹೆಸರು ಕಲಿತು ಬಂದವಳು. ಮಧ್ಯದ ಪರೀಕ್ಷೆಯಲ್ಲಿ ಬಿದ್ದಳು. ಸ್ವಲ್ಪದರಲ್ಲಿ ತಪ್ಪಿದ್ದೂ ಅಲ್ಲ, ಚೆನ್ನಾಗಿಯೇ ಬಿದ್ದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತುರುಕಿ, ನರ್ಸಿಂಗ್ ಕಟ್ಟಡದ ಮುಂದೆ ಹೋಗಿ ನಿಂತಳು. ಹಳೆಯ ಗೆಳತಿಯರು ನಗುತ್ತ ಹೊರಬರುತ್ತಿದ್ದರು. ಒಳಗೆ ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು, ಎಲ್ಲವೂ ಮೊದಲಿನಂತೆ. ಅವಳು ಹೋಗಲಿಲ್ಲ. ಸೋತು ಹೋಗುವುದು ಬೇರೆ, ಸೆಮಿಸ್ಟರ್ ಮುಗಿಯುವ ಮೊದಲೇ ಓಡುವುದು ಬೇರೆ ಎನಿಸಿ ಹಿಂದಿರುಗಿದಳು.

ಅವಳನ್ನು ಹಿಡಿದು ನಿಲ್ಲಿಸಿದ್ದು ಸರ್ವೆ. ಸರ್ವೆ ನಡೆಯುತ್ತಿದ್ದದ್ದು ಬಯಲಿನಲ್ಲಿ, ನಾಲ್ಕು ಜನರ ಗುಂಪಿನಲ್ಲಿ. ಅವಳ ಗುಂಪಿನ ಮುಂದಾಳು ಡೆಕ್ಸ್ಟರ್ ಎಂಬ ಹುಡುಗ. ಬಾಯಿ ದೊಡ್ಡದು, ಮನಸ್ಸು ಕೆಟ್ಟದಲ್ಲ. ದುರ್ಬೀನು ಕೂರಿಸಿದ, ಎತ್ತರ ಅಳೆಯುವ ಲೆವೆಲ್ ಯಂತ್ರವನ್ನು ಅವಳ ಕೈಗೆ ಕೊಡುತ್ತಲೇ ಇರಲಿಲ್ಲ.

"ಏ ನರ್ಸ್, ನೀನು ಅಳತೆಪಟ್ಟಿ ಹಿಡ್ಕೊಂಡು ನೆಟ್ಟಗೆ ನಿಂತ್ಕೋ. ಯಂತ್ರಕ್ಕೆ ಜ್ವರ ಬಂದ್ರೆ ಕರೀತೀನಿ."

ಆ ದಿನ ಕಾಲೇಜಿನ ಹಿಂದಿನ ಬಯಲಲ್ಲಿ ಎತ್ತರ ಅಳೆಯುವ ಪರೀಕ್ಷೆ. ಗೊತ್ತಾದ ಎತ್ತರದ ಒಂದು ಕಲ್ಲಿನಿಂದ ಹೊರಟು, ಯಂತ್ರವನ್ನು ಜಾಗದಿಂದ ಜಾಗಕ್ಕೆ ಇಟ್ಟು ಅಳೆಯುತ್ತ, ಸುತ್ತು ಹಾಕಿ ಅದೇ ಕಲ್ಲಿಗೆ ಮರಳಬೇಕು. ಹೊರಟಾಗಿನ ಎತ್ತರವೂ ಮರಳಿದಾಗಿನ ಎತ್ತರವೂ ಒಂದೇ ಆದರೆ ಕೆಲಸ ಸರಿ. ಇಲ್ಲದಿದ್ದರೆ ದಾರಿಯಲ್ಲೆಲ್ಲೋ ತಪ್ಪಿದೆ ಎಂದರ್ಥ. ಬಿಸಿಲು ತಲೆ ಸೀಳುವಂತಿತ್ತು. ಡೆಕ್ಸ್ಟರ್ ಗತ್ತಿಗಾಗಿ ಟೋಪಿ ಹಾಕಿರಲಿಲ್ಲ, ತಿಂಡಿಯೂ ತಿಂದಿರಲಿಲ್ಲ. ಅರ್ಧ ದಾರಿಯಲ್ಲಿ ಮಾತು ತೊದಲಿತು, ಮುಖ ಕೆಂಪೇರಿತು, ಯಂತ್ರದ ಪಕ್ಕದಲ್ಲೇ ಕುಸಿದ.

ಉಳಿದಿಬ್ಬರು ಹುಡುಗರು ಗಾಬರಿಯಿಂದ ಹೆಸರು ಕೂಗುತ್ತ ನಿಂತರು. ಮರಿಫ್ಲೋರ್ ಅಳತೆಪಟ್ಟಿ ಮಲಗಿಸಿ ಓಡಿಬಂದಳು. ನಾಡಿ ಹಿಡಿದಳು, ಅಂಗಿಯ ಗುಂಡಿ ಬಿಚ್ಚಿದಳು. "ಇವನ್ನ ಆ ಮಾವಿನ ನೆರಳಿಗೆ ಎತ್ಕೊಳ್ಳಿ. ಕಾಲು ಮೇಲಿರ್ಲಿ. ನೀನು ಹೋಗಿ ನೀರು ತಾ, ಸಕ್ಕರೆ ಉಪ್ಪು ಎರಡೂ ತಾ. ಓಡು!" ಒದ್ದೆ ಬಟ್ಟೆಯನ್ನು ಕಂಕುಳಿಗೂ ಕುತ್ತಿಗೆಗೂ ಇಟ್ಟಳು. ಸ್ವಲ್ಪ ಹೊತ್ತಿಗೆ ಡೆಕ್ಸ್ಟರ್ ಕಣ್ಣು ಬಿಟ್ಟ, ಗುಟುಕು ಗುಟುಕಾಗಿ ನೀರು ಕುಡಿದ. ಸುದ್ದಿ ತಿಳಿದು ಬಂದ ಗುಂಬಾನ್ ಹುಡುಗನ ಹಣೆ ಮುಟ್ಟಿ ನೋಡಿ, ಅವನ ಪಕ್ಕದಲ್ಲೇ ನೆರಳಿನಲ್ಲಿ ಕೂತರು.

"ಇವತ್ತಿಗೆ ಸಾಕು ಅಂತೀರಾ, ಇನ್ನೊಂದು ದಿನ ಮಾಡ್ತೀರಾ?" ಎಂದು ಕೇಳಿದರು.

ಮರಿಫ್ಲೋರ್ ಬಯಲಿನ ನಡುವೆ ಒಂಟಿಯಾಗಿ ನಿಂತಿದ್ದ ಯಂತ್ರವನ್ನು ನೋಡಿದಳು. "ಸರ್, ನಾನು ಮುಗಿಸ್ಲಾ?"

"ಮುಂದಾಳನ್ನ ಕೇಳು."

ಡೆಕ್ಸ್ಟರ್ ಮಲಗಿದ್ದಲ್ಲಿಂದಲೇ ಕೈ ಬೀಸಿದ. "ಮುಗಿಸು, ಮುಗಿಸು. ನನ್ನ ಮರ್ಯಾದೆ ಹೇಗೂ ಮುಗೀತು."

ಅವಳು ಯಂತ್ರದ ಹಿಂದೆ ನಿಂತಳು. ಅಷ್ಟು ದಿನವೂ ದೂರದಿಂದ ನೋಡಿದ್ದನ್ನೆಲ್ಲ ಕೈಗಳು ತಾವೇ ಮಾಡಿದವು. ಸ್ಟ್ಯಾಂಡಿನ ಕಾಲುಗಳನ್ನು ಮಣ್ಣಿಗೆ ತುಳಿದು ಊರಿದಳು, ಮಟ್ಟ ತೋರಿಸುವ ಗುಳ್ಳೆಯನ್ನು ನಡುವಿಗೆ ತಂದಳು, ಉಸಿರು ಹಿಡಿದು ದುರ್ಬೀನಿನ ಕೊಳವೆಯೊಳಗೆ ಇಣುಕಿದಳು. ಕೂಸಿನ ಕೈಯಲ್ಲಿ ನರ ಹುಡುಕುವಾಗಲೂ ಅವಳು ಹೀಗೆಯೇ ಉಸಿರು ಹಿಡಿಯುತ್ತಿದ್ದಳು. ಜಾಗದಿಂದ ಜಾಗಕ್ಕೆ, ಗಿಡದ ಸಾಲು ಬಳಸಿ, ಗೋಡೆಯ ಮಗ್ಗುಲಿಗೆ, ಮತ್ತೆ ಆ ಕಲ್ಲಿಗೆ. ನೆರಳಿಗೆ ಬಂದು ಕೂಡಿ ಕಳೆದಾಗ ಎರಡು ಎತ್ತರಗಳ ನಡುವಿನ ವ್ಯತ್ಯಾಸ ಒಂದು ಅಕ್ಕಿಕಾಳಿನ ಗಾತ್ರಕ್ಕಿಂತ ಹೆಚ್ಚಿರಲಿಲ್ಲ. ಗುಂಬಾನ್ ಲೆಕ್ಕವನ್ನು ಇನ್ನೊಂದು ಸಲ ತಾವೇ ಮಾಡಿದರು. ಮುಗಿಸಿ, ಕಡಲೇಕಾಯಿಯ ಪೊಟ್ಟಣವನ್ನು ಅವಳ ಕಡೆ ಚಾಚಿದರು. ಅವರು ಅದನ್ನು ಯಾರಿಗೂ ಕೊಟ್ಟವರಲ್ಲ ಎಂದು ಹುಡುಗರು ಆಮೇಲೆ ಹೇಳಿದರು.

ಅಂದಿನಿಂದ ಡೆಕ್ಸ್ಟರ್ ಅವಳನ್ನು ನರ್ಸ್ ಎನ್ನುವುದು ಬಿಟ್ಟು, ಅಕ್ಕ ಎಂಬಂತೆ ಮನಾಂಗ್ ಎಂದು ಕರೆದ. ತ್ರಿಕೋನಮಿತಿಯನ್ನೂ ಅವನೇ ಹೇಳಿಕೊಟ್ಟ. "ಇದು ಹಲಗೆ ಮೇಲಿನ ಗೀಟಲ್ಲ ಮನಾಂಗ್. ನೀನು ಇಲ್ಲಿ, ತೆಂಗಿನ ಮರದ ತುದಿ ಅಲ್ಲಿ. ಈಗ ಹೇಳು, ಮರ ಎಷ್ಟು ಎತ್ತರ?" ಬಯಲಿನಲ್ಲಿ ನಿಂತು ನೋಡಿದಾಗ ಕೋನಗಳಿಗೆಲ್ಲ ಅರ್ಥ ಬಂತು. ಸೆಮಿಸ್ಟರ್ ಕೊನೆಗೆ ಸರ್ವೆಯಲ್ಲಿ ಅವಳೇ ಮೊದಲು. ತ್ರಿಕೋನಮಿತಿಯಲ್ಲಿ ಗಡಿ ದಾಟಿದಳು, ಒಂದು ಕಾಲು ಆಚೆಯೂ ಒಂದು ಕಾಲು ಈಚೆಯೂ ಇದ್ದ ಹಾಗೆ. ಪಾಸು ಪಾಸೇ. ತೀಯಾ ಲೂಸಿಂಗ್‌ಗೆ ಎರಡೂ ಅಂಕ ಓದಿ ಹೇಳಿದಾಗ ಅವಳು, "ಎರಡನೇದನ್ನ ಇನ್ನೊಂದ್ಸಲ ಹೇಳು," ಎಂದು ಕೇಳಿ, ನಕ್ಕು, "ಮಾತು ಅಂದ್ರೆ ಮಾತು," ಎಂದಳು.

ಮುಂದಿನ ವರ್ಷಗಳು ಸುಲಭವಾಗಿರಲಿಲ್ಲ. ಜೊತೆಯಲ್ಲಿ ಟೋಪಿ ತೊಟ್ಟವರು ಒಬ್ಬೊಬ್ಬರಾಗಿ ವಿಮಾನ ಹತ್ತಿದರು, ಹಿಮದಲ್ಲಿ ನಿಂತ ಫೋಟೋ ಕಳಿಸಿದರು. ಇವಳು ಇನ್ನೂ ತರಗತಿಯ ಬೆಂಚಿನಲ್ಲಿ. ಕ್ಯಾಲ್ಕ್ಯುಲಸ್ ಒಂದು ಸಲ ಬೀಳಿಸಿತು, ಎದ್ದಳು. ನಾನಾಯ್ ಪುರಿಂಗ್ ಬಹಳ ಕಾಲ ಕೇಳಿದವರಿಗೆಲ್ಲ "ಓದ್ತಾ ಇದಾಳೆ" ಎಂದಷ್ಟೇ ಹೇಳುತ್ತಿದ್ದಳು, ಏನು ಎಂದು ಬಾಯಿ ಬಿಡುತ್ತಿರಲಿಲ್ಲ. ಆದರೆ ಸರ್ಕಾರದ ಇಂಜಿನಿಯರಿಂಗ್ ಪರೀಕ್ಷೆಯ ಫಲಿತಾಂಶದಲ್ಲಿ ಮಗಳ ಹೆಸರು ಬಂದ ದಿನ ಅವಳು ಪೇಟೆಗೆ ಓಡಿದಳು. ಸಂಜೆಯ ಹೊತ್ತಿಗೆ ಮನೆಯ ಮುಂದೆ ಒಂದು ಬ್ಯಾನರ್ ಎದ್ದಿತು. ಬ್ಯಾನರ್ ಎಂದರೆ ಮನೆಯೇ ಕಾಣದಷ್ಟು ದೊಡ್ಡದು. ಮರಿಫ್ಲೋರಳ ಮುಖ ಎತ್ತಿನಬಂಡಿಯ ಚಕ್ರದಷ್ಟಿತ್ತು.

"ನಾನಾಯ್, ಕಿಟಕಿಯೆಲ್ಲ ಮುಚ್ಚಿಹೋಯ್ತು! ಗಾಳಿ ಬರಲ್ಲ."

"ಗಾಳಿ ದಿನಾ ಬರುತ್ತೆ," ಎಂದಳು ನಾನಾಯ್ ಪುರಿಂಗ್. "ಇಂಜಿನಿಯರ್ ದಿನಾ ಹುಟ್ತಾಳಾ?"

ಪಕ್ಕದ ಮನೆಯವಳು ಹೆಚ್ಚೇನೂ ಕೆಟ್ಟ ಮನಸ್ಸಿಲ್ಲದೆ, "ಕೊನೆಗೂ ಪೈಪ್ ರಿಪೇರಿಯವಳೇ ಆದಳಲ್ಲ," ಎಂದಳು. ನಾನಾಯ್ ಪುರಿಂಗ್ ಸೊಂಟದ ಮೇಲೆ ಕೈಯಿಟ್ಟಳು. "ಹೌದಮ್ಮ. ನಿಮ್ಮನೆ ಮೋರಿ ಕಟ್ಕೊಂಡ ದಿನ ಬಾಗಿಲು ತಟ್ಟು. ಮೊದಲು ಅವಳನ್ನ ಇಂಜಿನಿಯರ್ ಅಂತ ಕರಿ, ಆಮೇಲೆ ಬರ್ತಾಳೆ."

ಕುಡಿಯುವ ನೀರಿನ ಯೋಜನೆಗಳ ಕಚೇರಿಯಲ್ಲಿ ಕೆಲಸ ಸಿಕ್ಕ ಮೇಲೆ ಬಂದ ಮೊದಲ ರಜೆಯಲ್ಲೇ ಮರಿಫ್ಲೋರ್ ಮನಾಂಗ್ ಇಸ್ಯಾಳ ಹಳ್ಳಿಗೆ ಹತ್ತಿಹೋದಳು. ನೋಡಿದರೆ ಪ್ರಾರ್ಥನಾ ಮಂದಿರದ ಪಕ್ಕದಲ್ಲೇ ನಲ್ಲಿ! ಇವಳು ಓದುತ್ತಿದ್ದ ವರ್ಷಗಳಲ್ಲೇ ಬೇರೆ ಯಾರೋ ಬಂದು ಮೇಲಿನ ನೀರನ್ನು ಇಳಿಸಿ ಹೋಗಿದ್ದರು. ನೆನೆ ಶಾಲೆಯ ಚೀಲ ಹಾಕಿಕೊಂಡು ಓಡಾಡುತ್ತಿತ್ತು. ಮರಿಫ್ಲೋರಳಿಗೆ ಸಂತೋಷವಾಯಿತು. ಜೊತೆಗೆ ತನ್ನ ಕೆಲಸವನ್ನು ಯಾರೋ ಕದ್ದರು ಎಂಬ ಸಣ್ಣ ಹೊಟ್ಟೆಕಿಚ್ಚೂ ಆಯಿತು. "ನಿಂಗೋಸ್ಕರ ಕಾಯ್ತಾ ಕೂತಿದ್ರೆ ನಾವು ಒಣಗಿಹೋಗ್ತಿದ್ವಿ ಇಂದಾಯ್," ಎಂದಳು ಇಸ್ಯಾ. "ಬೆಟ್ಟಗಳೇನು ಕಮ್ಮಿನಾ? ಬೇರೇದು ಹಿಡಿ."

ಅವಳು ಬೇರೆಯದನ್ನು ಹಿಡಿದಳು. ಅಂತೀಕೆ ಸೀಮೆಯ ಬೆಟ್ಟಸಾಲಿನ ಒಂದು ಊರು, ಅಲ್ಲಿಯವರೆಗೆ ಹೆಂಗಸರು ನೀರಿಗೆಂದು ಎರಡು ಗುಡ್ಡ ಇಳಿದು ಹತ್ತುತ್ತಿದ್ದ ಊರು. ಅಳತೆಯಿಂದ ನಕ್ಷೆಯವರೆಗೆ ಎಲ್ಲವೂ ಅವಳದೇ. ಮೇಲಿನ ಝರಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಊರಿಗೆ, ಮೋಟಾರಿಲ್ಲದೆ ಬರೀ ಇಳಿಜಾರಿನಲ್ಲೇ ನೀರು ಹರಿಯಬೇಕು. ನೀರು ಬಿಡುವ ದಿನ ಊರೇ ಸೇರಿತು. ನಾನಾಯ್ ಪುರಿಂಗ್ ಕೂಡ ಯಾರೂ ಕರೆಯದಿದ್ದರೂ ದೊಡ್ಡ ಪಾತ್ರೆಯಲ್ಲಿ ಹಬ್ಬಕ್ಕೆ ಮಾಡುವ ವಾಲೆನ್ಸಿಯಾನ ಅನ್ನ ಮಾಡಿಕೊಂಡು ಜೀಪ್ನಿಯ ಮುಂದಿನ ಸೀಟಿನಲ್ಲಿ ಬಂದಿಳಿದಳು.

ಮೇಲೆ ವಾಲ್ವ್ ತೆರೆದರು. ನಲ್ಲಿಯಲ್ಲಿ ನೀರು ಬರಲಿಲ್ಲ. ಜನ ಕಾದರು. ಊರಿನ ಹಿರಿಯನೊಬ್ಬ ನಲ್ಲಿಗೆ ಕಿವಿಯಿಟ್ಟು, "ಒಳಗೆ ಯಾರೋ ನಿಟ್ಟುಸಿರು ಬಿಡ್ತಾ ಇದಾರೆ," ಎಂದ. ಎಲ್ಲರೂ ನಕ್ಕರು. ನಾನಾಯ್ ಪುರಿಂಗ್ ಮಾತ್ರ ನಗಲಿಲ್ಲ, ಅನ್ನದ ಸೌಟನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು.

ನಿಟ್ಟುಸಿರು ಎಂಬ ಮಾತು ಕೇಳಿದ್ದೇ ಮರಿಫ್ಲೋರಳಿಗೆ ಹೊಳೆಯಿತು. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ. ದಾರಿಯ ನಡುವಿನ ದಿಬ್ಬದ ಮೇಲೆ ಗಾಳಿ ಬಿಡಲು ತಾನೇ ಇಡಿಸಿದ್ದ ತಿರುಪು ಬಿಗಿಯಾಗಿ ಕೂತಿರಬೇಕು. ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಅವಳು ಪೈಪಿನ ಜಾಡು ಹಿಡಿದು ಹತ್ತಿದಳು. ತಿರುಪು ಸಡಿಲಿಸಿದ್ದೇ ತಡ, ಹಾವು ಬುಸುಗುಟ್ಟಿದಂತೆ ಗಾಳಿ ನುಗ್ಗಿತು, ಹಿಂದೆಯೇ ನೀರು ಅವಳ ಮುಖಕ್ಕೆ ರಾಚಿತು. ಕೆಳಗೆ ಊರಿನಿಂದ ಎದ್ದ ಕೂಗು ದಿಬ್ಬದವರೆಗೂ ಕೇಳಿಸಿತು. ಅವಳು ಅಲ್ಲಿಯೇ ಒದ್ದೆ ಮಣ್ಣಿನ ಮೇಲೆ ಕೂತು, ಯಾರೂ ನೋಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ಮನಸಾರೆ ನಕ್ಕಳು.

ಇಳಿದು ಬಂದಾಗ ಊರಿನ ಮುಖಂಡ ಅವಳನ್ನು ಭಾಷಣಕ್ಕೆ ಕರೆದ. ಅವಳು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಮ್ಮನ ಕಡೆ ನೋಡಿದಳು. ಕೂದಲಿನಿಂದ ನೀರು ಸೋರುತ್ತಿತ್ತು. ಆಗ ನಾನಾಯ್ ಪುರಿಂಗ್ ಸೌಟು ಹಿಡಿದುಕೊಂಡೇ ಮುಂದೆ ಬಂದಳು.

"ಇವಳಿಗೆ ಮಾತು ಬರಲ್ಲ, ಅದು ನನ್ನಿಂದ ಬಂದಿಲ್ಲ. ನಾನು ಹೇಳ್ತೀನಿ. ಇವಳು ನನ್ನ ಮಗಳು. ನಾನು ಬೇಡ ಅಂದೆ, ಇವಳು ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೇದಾಯ್ತು. ಈಗ ಎಲ್ರೂ ಕೈ ತೊಳ್ಕೊಂಡು ಊಟಕ್ಕೆ ಬನ್ನಿ."

ಜನ ಚಪ್ಪಾಳೆ ತಟ್ಟುತ್ತ ನಲ್ಲಿಯ ಕಡೆ ನುಗ್ಗಿದರು. ಹೆಂಗಸರು ಕೊಡ ತುಂಬುವುದನ್ನು ಬಿಟ್ಟು ಒಬ್ಬರ ಮೇಲೊಬ್ಬರು ನೀರು ಎರಚಿದರು. ಕೆಳಗಿನ ತಿರುವಿನ ಜೋಡಣೆಯೊಂದು ಸಣ್ಣಗೆ ಸೋರುತ್ತಿತ್ತು. ಮರಿಫ್ಲೋರ್ ಅದನ್ನು ಕಂಡು, ಬಡಿಸಿಟ್ಟ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು, ಸ್ಪ್ಯಾನರ್ ಹುಡುಕಿಕೊಂಡು ಹೊರಟಳು.